ಗೇಟು ಹಾರಿ ಬಂದ ಟೀಚರ್

ಹತ್ತರ ಗಂಟೆ ಇನ್ನೂ ಬಾರಿಸುತ್ತಿತ್ತು. ನಾನು ಶಾಲೆಯ ಗೇಟಿಗೆ ಬೀಗ ಹಾಕಿದೆ. ಅಷ್ಟರಲ್ಲಿ ಹೊರಗೆ ಟ್ರ್ಯಾಕ್ಟರಿನಿಂದ ಇಳಿದ ಯುವತಿಯೊಬ್ಬಳು ಓಡಿ ಬಂದು, ತನ್ನ ಫೈಲನ್ನು ಸರಳುಗಳ ನಡುವೆ ನನ್ನ ಕೈಗೆ ತುರುಕಿ, ದುಪಟ್ಟಾ ಸೊಂಟಕ್ಕೆ ಬಿಗಿದು, ಗೇಟು ಹತ್ತಿ ಈಚೆಗೆ ಹಾರಿಯೇಬಿಟ್ಟಳು!

“ಗಂಟಿ ಇನ್ನಾ ನಿಂತಿಲ್ರಿ ಸರ, ನಾ ಒಳಗ ಬಂದೀನಿ! ಜವಳಗೇರಾದಾಗ ಬಸ್ ಕೆಟ್ಟು ನಿಂತೈತ್ರಿ.”

ಸಿಂಧನೂರಿನ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಆಟದ ಟೀಚರ್ ಬೇಕಾಗಿದ್ದರು. ಅದೇ ಕೆಲಸದಿಂದ ನಿವೃತ್ತನಾದ ನನಗೇ ಆಯ್ಕೆಯ ಹೊಣೆ ಬಂದಿತ್ತು. ಗಂಟೆ ನಿಂತ ಮೇಲೆ ಬಂದವರಿಗೆ ಸಂದರ್ಶನವಿಲ್ಲ ಎಂದು ಮೊದಲೇ ತಿಳಿಸಿದ್ದೆ. ಉಳಿದ ಅಭ್ಯರ್ಥಿಗಳು ಇಸ್ತ್ರಿ ಬಟ್ಟೆ ತೊಟ್ಟು ಒಳಗೆ ಶಿಸ್ತಾಗಿ ಕೂತಿದ್ದರು. ಗೇಟು ಹಾರಿದವಳನ್ನು ಏನು ಮಾಡುವುದು?

ಪ್ರಾರ್ಥನೆಗೆ ಸಾಲು ನಿಂತಿದ್ದ ಹುಡುಗಿಯರು ಅಷ್ಟರಲ್ಲೇ ಶಿಳ್ಳೆ ಹೊಡೆಯತೊಡಗಿದರು. “ನಮಗ ಈ ಟೀಚರೇ ಬೇಕ್ರಿ ಸರ!” ನಾನು ಸೀಟಿ ಊದಿದೆ, ಗದರಿದೆ. ಯಾರೂ ಕೇಳಲಿಲ್ಲ. ಆಕೆ ಒಮ್ಮೆ ಚಪ್ಪಾಳೆ ತಟ್ಟಿ, “ಏ, ಸುಮ್ನಿರ್ರಿ! ಸರ ಮಾತಾಡಾಕತ್ತಾರ” ಎಂದಳು. ಮೈದಾನವೇ ಗಪ್‌ಚುಪ್ ಆಯಿತು. ಮಾತಾಡಬೇಕಿದ್ದ ನನಗೆ ನಗು ತಡೆಯಲಾಗಲಿಲ್ಲ. ಉಳಿದವರನ್ನೂ ಕ್ರಮವಾಗಿ ಸಂದರ್ಶಿಸಿದೆ. ಕೆಲಸ ಮಾತ್ರ ಗೇಟು ಹಾರಿದ ರೇಷ್ಮಾಳಿಗೇ ಸಿಕ್ಕಿತು.

ಈಗ ಗೇಟಿನ ಬೀಗ ಆಕೆಯ ಕೈಯಲ್ಲಿದೆ. ಮೊನ್ನೆ ಮಕ್ಕಳ ಖೋ-ಖೋ ನೋಡಲು ಹೋದ ನಾನು ತಲುಪುವಾಗ ಹತ್ತರ ಗಂಟೆ ಬಾರಿಸುತ್ತಿತ್ತು, ಬೀಗ ಬಿದ್ದಿತ್ತು. “ಗಂಟಿ ಇನ್ನಾ ನಿಂತಿಲ್ರಿ ಸರ, ಹತ್ತಿ ಬರ್ರಿ!” ಎಂದು ಇಡೀ ಮೈದಾನ ಕೂಗಿತು. ಕೊಡೆಯನ್ನು ಸರಳುಗಳ ನಡುವೆ ರೇಷ್ಮಾಳ ಕೈಗೆ ಕೊಟ್ಟು, ಧೋತರ ಎತ್ತಿ ಕಟ್ಟಿದೆ.