ಒಂದೇ ಹೊಳ್ಳೆಯ ರಕ್ತ

ಉತ್ತರದ ಚಳಿನಾಡಿನ ಈಸಾಲ್ಮಿ ಊರಲ್ಲಿ ಬಸ್ಸು ಓಡಿಸಿಯೇ ತಲೆ ನೆರೆಸಿಕೊಂಡ ಟೆರ್ತು ಹೋಲೊಪೈನೆನ್, ಮೂಗಿನಿಂದ ರಕ್ತ ಬರತೊಡಗಿದಾಗ ಬೈದದ್ದು ಸೌನಾದ ಒಲೆಯನ್ನು. ಶನಿವಾರ ಸಂಜೆ ಕಾದ ಕಲ್ಲಿಗೆ ನೀರು ಎರಚಿ ಆವಿಯಲ್ಲಿ ಬೆವರುತ್ತ ಕೂತರೆ ಬಲ ಹೊಳ್ಳೆ ಸೋರುತ್ತಿತ್ತು. ಆ ಸೀಮೆಯಲ್ಲಿ ಸೌನಾ ಎಂದರೆ ಮದ್ದು. ಅಲ್ಲಿ ಕಾಣಿಸಿಕೊಂಡದ್ದನ್ನು ಕಾಯಿಲೆ ಎನ್ನುವವರು ಯಾರು? ಟೆರ್ತು ಒಲೆಯನ್ನೇ ಬದಲಾಯಿಸಿದಳು. ಚಳಿಗಾಲ ಕಳೆಯಿತು, ರಕ್ತ ನಿಲ್ಲಲಿಲ್ಲ.

ಸೌನಾದಲ್ಲಿ ಅವಳ ಎಡಕ್ಕೆ ಕೂತಿದ್ದ ಪಕ್ಕದ ಮನೆಯ ರೈಲಿ ಬೆವರೊರೆಸಿಕೊಳ್ಳುತ್ತ ಕೇಳಿದಳು: "ಅಲ್ವೇ, ಹೊಸ ಒಲೆಗೂ ನಿನ್ನ ಬಲ ಹೊಳ್ಳೆ ಮೇಲೇ ಯಾಕೆ ದ್ವೇಷ?"

"ಎಡಗಡೆ ಬಿಸಿಯೆಲ್ಲ ನೀನೇ ಹೀರ್ಕೋತೀಯಲ್ಲ, ಅದಕ್ಕೆ."

"ತಮಾಷೆ ಸಾಕು ಕಣೇ. ಸೋಮವಾರ ಡಾಕ್ಟ್ರ ಹತ್ರ ಹೋಗ್ತೀಯೋ, ಎಳ್ಕೊಂಡು ಹೋಗ್ಲೋ?"

ಹೊಳ್ಳೆಯೊಳಗೆ ಕಂಡ ಗಡ್ಡೆಯಿಂದ ಚೂರು ತೆಗೆದು ಪರೀಕ್ಷಿಸಿದ ಡಾಕ್ಟರ್ ವಿರ್ಟಾಲಾ ಮೆಲನೋಮ, ಅಂದರೆ ಹೆಚ್ಚಾಗಿ ಚರ್ಮದಲ್ಲಿ ಬರುವ ಕ್ಯಾನ್ಸರ್, ಎಂದರು.

"ಅದು ಬಿಸಿಲಿಂದ ಬರೋದಲ್ವಾ ತಾಯಿ? ನನ್ನ ಮೂಗೊಳಗೆ ಯಾವತ್ತು ಬಿಸಿಲು ಬಿದ್ದಿದೆ?"

"ಇದಕ್ಕೆ ಬಿಸಿಲು ಬೇಕಿಲ್ಲ. ಚರ್ಮಕ್ಕೆ ಬಣ್ಣ ಕೊಡೋ ಜೀವಕಣಗಳು ಮೂಗೊಳಗೂ ಇರ್ತವೆ. ಅಲ್ಲಿ ಬೆಳೆದ ಗಡ್ಡೆ ಕಣ್ಣಿಗೆ ಬೀಳಲ್ಲ, ಅದಕ್ಕೇ ತಡವಾಗಿ ಗೊತ್ತಾಗೋದು."

"ಬದುಕ್ತೀನಾ? ನೇರ ಹೇಳಿ."

"ಹತ್ತು ಜನರಲ್ಲಿ ಐದು ವರ್ಷ ದಾಟೋರು ಇಬ್ಬರೋ ಮೂವರೋ."

"ಅಂದ್ರೆ ಬಸ್ಸಲ್ಲಿ ಸೀಟು ಖಾಲಿ ಇದೆ," ಎಂದಳು ಟೆರ್ತು. ಹೊರಗೆ ಕಾದಿದ್ದ ರೈಲಿಯ ಕೈ ಹಿಡಿದವಳು ಮಾತ್ರ ಮನೆ ಮುಟ್ಟುವವರೆಗೂ ಬಿಡಲಿಲ್ಲ.

ಹೊಳ್ಳೆಯ ಮೂಲಕವೇ ಕ್ಯಾಮೆರಾ ತೂರಿಸಿ ಗಡ್ಡೆ ತೆಗೆದರು, ಮುಖ ಕೊಯ್ಯಬೇಕಾಗಲಿಲ್ಲ. ಬಳಿಕ ಆರು ವಾರ ವಿಕಿರಣ ಚಿಕಿತ್ಸೆ. ಅದರಿಂದ ಗಡ್ಡೆ ಅಲ್ಲೇ ಮರುಕಳಿಸುವುದು ಕಡಿಮೆಯಾಗಬಹುದು, ಆಯುಸ್ಸು ಹೆಚ್ಚುತ್ತದೆ ಎನ್ನಲಾರೆ ಎಂದು ವಿರ್ಟಾಲಾ ಮೊದಲೇ ಹೇಳಿದ್ದರು. ಮೂಗಿಗೆ ವಾಸನೆ ತಿಳಿಯುವುದು ಹೋಯಿತು, ಅದರ ಹಿಂದೆ ನಾಲಿಗೆಯ ರುಚಿಯೂ. ರೊಟ್ಟಿಯೊಳಗೆ ಮೀನು ತುಂಬಿ ಬೇಯಿಸಿ ತಂದ ರೈಲಿ ಮುಖ ಸಪ್ಪೆ ಮಾಡಿದಾಗ ಟೆರ್ತು ಸಮಾಧಾನ ಹೇಳಿದಳು: "ಬೇಜಾರ್ ಮಾಡ್ಕೋಬೇಡ ಕಣೇ, ನಿನ್ನ ಅಡುಗೆ ಮೊದಲೂ ಹೀಗೇ ಇತ್ತು."

ಎರಡನೇ ವರ್ಷ ಶ್ವಾಸಕೋಶದಲ್ಲಿ ಕ್ಯಾನ್ಸರ್ ಹರಡಿದ ಚುಕ್ಕೆಗಳು ಕಂಡವು. ಈ ಸಲ ದೇಹದ ಕಾವಲು ಶಕ್ತಿಯನ್ನೇ ಎಬ್ಬಿಸುವ ಔಷಧ, ರಕ್ತನಾಳದ ಮೂಲಕ. ಮೂಗಿನ ಮೆಲನೋಮಕ್ಕೆ ಅದು ಹಿಡಿಯುವುದು ಕೆಲವರಿಗಷ್ಟೇ. ಟೆರ್ತುವಿಗೆ ಮೈಯೆಲ್ಲ ತುರಿಕೆ ಬಂತು, ಚುಕ್ಕೆಗಳು ಕುಗ್ಗಿದವು.

ನಾಲ್ಕನೇ ವರ್ಷದ ಸ್ಕ್ಯಾನ್ ನೋಡಿ ವಿರ್ಟಾಲಾ ಹೇಳಿದರು: "ಏನೂ ಕಾಣ್ತಿಲ್ಲ. ವಾಸಿಯಾಯ್ತು ಅಂತ ಮಾತ್ರ ಹೇಳಲ್ಲ. ಮಾರ್ಚ್‌ನಲ್ಲಿ ಬನ್ನಿ."

"ಮಾರ್ಚ್ ಆಗಲ್ಲ. ಕೆರೆ ಮೇಲೆ ಮಂಜುಗಡ್ಡೆ ಕೊರೆದು ಮೀನು ಹಿಡಿಯೋ ಪಂದ್ಯ ಇದೆ. ಏಪ್ರಿಲ್ ಮಾಡಿ."

"ಪಂದ್ಯ ಎರಡನೇ ವಾರ. ನೀವು ಮೊದಲನೇ ವಾರ ಬನ್ನಿ."

"ನಿಮಗೆ ಹೇಗೆ ಗೊತ್ತು?"

"ನಾನೂ ಹೆಸರು ಕೊಟ್ಟಿದ್ದೀನಿ."

ಟೆರ್ತು ಟೋಪಿ ಹಾಕಿಕೊಂಡು ಎದ್ದಳು. "ಹಾಗಾದ್ರೆ ಬರ್ತೀನಿ. ಸೋಲೋಕೆ ರೆಡಿಯಾಗಿರಿ ಡಾಕ್ಟ್ರೇ."