ಇನ್‌ಸ್ಪೆಕ್ಟರ ಅಂಗಿಗೆ ರಫೂ ಹಾಕಿದವಳು

ನಮ್ಮ ಮನೆಯ ಕೆಳಗೆ ಒಂಟಿ ಬಾಗಿಲಿನ ಅಂಗಡಿಯಲ್ಲಿ ಕೂರುವ ರಫೂ ಅಕ್ಕನಿಗೆ ತೇಪೆ ಎಂಬ ಮಾತು ಕೇಳಿದರೇ ಮೈಯುರಿ. ಹರಿದ ಜಾಗವನ್ನು ಎಳೆ ಎಳೆಯಾಗಿ ಮತ್ತೆ ನೇಯ್ದು, ಹರಿದದ್ದೇ ಸುಳ್ಳು ಎನಿಸುವಂತೆ ಮಾಡುವುದು ಆಕೆಯ ಕಸುಬು. ಅದಕ್ಕೆ ನೂಲನ್ನು ಹೊರಗಿನಿಂದ ತರುವುದಿಲ್ಲ. ಅದೇ ಬಟ್ಟೆಯ ಕೆಳಅಂಚಿನ ಮಡಿಕೆ ಬಿಚ್ಚಿ, ಒಳಗಿನ ಎಳೆಗಳನ್ನು ಸೆಳೆದುಕೊಂಡು, ಮಡಿಕೆಯನ್ನು ಮೊದಲಿನಂತೆ ಹೊಲಿದುಬಿಡುತ್ತಾಳೆ. ಒಮ್ಮೆ ಮಗುವಿನ ಉಣ್ಣೆ ಟೋಪಿಯನ್ನು ಅವಳಿಂದ ವಾಪಸು ತಂದಾಗ, ಸೂಜಿ ಒಳಗೇ ಉಳಿದಿದ್ದರೆ ಎಂದು ಮೂರು ಸಲ ತಡವಿ ನೋಡಿದ್ದೆ. "ನಿನ್ನ ಮಗು ತಲೆ ಮೇಲೆ ನನಗೇನು ಸಿಟ್ಟಮ್ಮಾ?" ಎಂದು ನಕ್ಕಿದ್ದಳು.

ಅವಳು ಸೇತುವೆ ಆಚೆಯವಳು. ಮೂರು ತಲೆಮಾರಿನ ಹಿಂದೆ ರೈಲು ಹಳಿ ಹಾಕಲು ದೂರದಿಂದ ಕರೆತಂದ ಜನ, ಕಡುಗಪ್ಪು ಮೈ, ಗುಂಗುರು ಕೂದಲು. ಹಳಿ ಹಾಕಿದ್ದನ್ನು ಊರು ಮರೆತಿದೆ, ಮೈಬಣ್ಣವನ್ನು ಮರೆತಿಲ್ಲ. ಎಲ್ಲಿ ಏನು ಕಳುವಾದರೂ ಪೊಲೀಸ್ ಜೀಪು ಮೊದಲು ದಾಟುವುದು ಆ ಸೇತುವೆಯನ್ನೇ. ಸುಳ್ಳೇಕೆ ಹೇಳಲಿ, ಬಾಣಂತನದ ದಿನಗಳಲ್ಲಿ ಅಕ್ಕನ ನೆಂಟರು ಮೆಟ್ಟಿಲ ಬಳಿ ನಿಂತರೆ ನಾನೂ ಎರಡೆರಡು ಚಿಲಕ ಹಾಕಿಕೊಳ್ಳುತ್ತಿದ್ದೆ.

ಅವಳ ಅಳಿಯ ಸಿಟಿ ಬಸ್ಸಿನ ಡ್ರೈವರ್. ಒಂದು ಬೆಳಿಗ್ಗೆ ಡಿಪೋ ಎದುರು ನಿಂತಿದ್ದ ಅವನ ಖಾಲಿ ಬಸ್ಸಿಗೆ ಇನ್‌ಸ್ಪೆಕ್ಟರ ಜೀಪು ಬಂದು ಗುದ್ದಿತು. ತಪ್ಪು ನನ್ನದೇ ಎಂದು ಬರೆದುಕೊಡು ಎಂದರು. ಅವನು ಒಪ್ಪಲಿಲ್ಲ. ಸಂಜೆಯಾಗುವಷ್ಟರಲ್ಲಿ ಬೇರೆಯೇ ಕೇಸು ತಯಾರಾಗಿತ್ತು: ಅಧಿಕಾರಿಯ ಮೈಮೇಲೆ ಬಿದ್ದು ಸಮವಸ್ತ್ರ ಹರಿದ. ಸಾಕ್ಷಿಗೆ ಇಬ್ಬರು ಪೇದೆಗಳು, ಪುರಾವೆಗೆ ಜೇಬಿನ ಪಕ್ಕ ಹರಿದ ಖಾಕಿ ಅಂಗಿ. ಸಾಬೀತಾದರೆ ಮೂರು ವರ್ಷ ಜೈಲು, ಕೆಲಸಕ್ಕೂ ಎಳ್ಳುನೀರು. ಅಕ್ಕನ ಮಗಳಿಗೆ ಆಗ ಏಳು ತಿಂಗಳು ತುಂಬಿತ್ತು.

ಅಳಿಯನ ಪರ ವಕೀಲೆ ಆ ಅಂಗಿಯ ಫೋಟೋ ತಂದು ತೋರಿಸಿದಾಗ ನಾನೂ ಅಂಗಡಿಯಲ್ಲೇ ಇದ್ದೆ. ಅಕ್ಕ ಕನ್ನಡಕ ಏರಿಸಿ ನೋಡಿದವಳೇ, "ಅಯ್ಯೋ, ಇದು ನಾನು ರಫೂ ಹಾಕಿದ್ದಲ್ವಾ! ಜೀಪಿನ ಬಾಗಿಲಿಗೆ ಸಿಕ್ಕಿ ಹರಿದಿತ್ತು. ಎರಡು ತಿಂಗಳಾಯ್ತು," ಎಂದಳು.

"ರಸೀದಿ ಇದೆಯಾ?"

"ಪೊಲೀಸಿನವರಿಗೆ ರಸೀದಿನಾ? ಕೂಲಿ ಕೇಳಿದ್ರೇ ಕಣ್ಣು ಕೆಂಪಾಗುತ್ತೆ."

"ನೀವು ಅವನ ಅತ್ತೆ. ನಿಮ್ಮ ಮಾತು ಕೋರ್ಟಲ್ಲಿ ನಿಲ್ಲಲ್ಲ."

"ನನ್ನ ಮಾತು ಯಾಕೆ ನಿಲ್ಬೇಕು? ಆ ಅಂಗಿನ ಒಂದ್ಸಲ ನನ್ನ ಕೈಗೆ ಕೊಡ್ಸಿ, ಸಾಕು."

ವಿಚಾರಣೆಯ ದಿನ ಅವಳ ಜೊತೆಗೆ ನಾನೇ ಹೋದೆ. ಪಕ್ಕದಲ್ಲಿ ಕೆಮ್ಮುತ್ತಿದ್ದವರಿಂದ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿನ ಬೆಂಚಿನ ತುದಿಯಲ್ಲಿ ಕೂತೆ. ಈ ಅಂಗಿ ಮೊದಲು ಎಂದಾದರೂ ಹರಿದಿತ್ತೇ ಎಂದು ವಕೀಲೆ ಕೇಳಿದರು. "ಇಲ್ಲ. ಸೂಜಿ ಕೂಡ ಸೋಕಿರಲಿಲ್ಲ," ಎಂದ ಇನ್‌ಸ್ಪೆಕ್ಟರ್, ಮೀಸೆಯಂಚಿನಲ್ಲೇ ನಗುತ್ತ.

ಅಕ್ಕ ಕಟಕಟೆ ಹತ್ತಿದಳು. ಸರ್ಕಾರಿ ವಕೀಲ ಎದ್ದ. "ನಿಮ್ಮ ಜನ ನಿಮ್ಮವರನ್ನ ಬಿಟ್ಟುಕೊಡಲ್ಲ, ಗೊತ್ತಿರೋದೇ. ಇವನು ನಿನ್ನ ಅಳಿಯ ತಾನೇ?"

"ಹೌದು ಸ್ವಾಮಿ. ಅವನ್ನ ಹೊಗಳೋಕೆ ಬಂದಿಲ್ಲ. ಗೊರಕೆ ಹೊಡೆಯೋದೇ ಅಪರಾಧ ಆಗಿದ್ರೆ ಕಂಪ್ಲೇಂಟು ನಾನೇ ಕೊಡ್ತಿದ್ದೆ."

ಕೋರ್ಟು ಘೊಳ್ಳೆಂದಿತು. ನಾನು ಮಾತ್ರ ನಗಲಿಲ್ಲ. ಈ ಹೆಂಗಸು ಮಾತಿನಲ್ಲೇ ಕೆಲಸ ಕೆಡಿಸಿಬಿಡುತ್ತಾಳೇನೋ ಎಂದು ಮಗುವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡೆ.

ನ್ಯಾಯಾಧೀಶೆಯ ಅಪ್ಪಣೆ ಪಡೆದು ಅಕ್ಕ ಅಂಗಿಯ ಕೆಳಅಂಚಿನ ಹೊಲಿಗೆ ಬಿಚ್ಚಿದಳು. "ನೋಡಿ ತಾಯೀ, ಮಡಿಕೆ ಒಳಗೆ ಹದಿನಾರು ಎಳೆ ಇಲ್ಲ. ಯಾವ ಗಿರಣಿಯವರು ಹೀಗೆ ಸಂದಿ ಬಿಟ್ಟು ನೇಯ್ತಾರೆ? ಇಲ್ಲಿಂದ ತೆಗೆದ ನೂಲಲ್ಲೇ ನಾನು ಜೇಬಿನ ಹತ್ತಿರ ನೇಯ್ದಿದ್ದು. ಈಗ ಹರಿದ ಜಾಗ ನೋಡಿ. ಅಂಗಿ ಬಿಸಿಲಿಗೆ ಬಿಳಿಚಿಕೊಂಡಿದೆ. ಅಂಚಲ್ಲಿ ಸಿಕ್ಕಿಕೊಂಡಿರೋ ತುಂಡುಗಳು ಮಾತ್ರ ಕಡುಖಾಕಿ. ಮಡಿಕೆ ಒಳಗೆ ಬಿಸಿಲೇ ಕಾಣದ ನೂಲು ಅದು. ಕೈಯಲ್ಲಿ ಹರಿದ್ರೆ ಎಳೆ ಹಿಂಜಿಕೊಳ್ಳುತ್ತೆ, ಇದು ಬ್ಲೇಡಲ್ಲಿ ಕೊಯ್ದದ್ದು. ನನ್ನ ರಫೂ ಕಿತ್ತವರಿಗೆ ಮಡಿಕೆ ನೆನಪಾಗ್ಲಿಲ್ಲ, ಪಾಪ."

ನ್ಯಾಯಾಧೀಶೆ ಭೂತಗನ್ನಡಿ ತರಿಸಿ ನೋಡಿದರು. ಎಳೆಗಳನ್ನು ತಾವೇ ಎಣಿಸಿದರು. ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿದರು.

"ಸೂಜಿ ಸೋಕಿರಲಿಲ್ಲ ಅಂದಿರಲ್ಲ?"

ಸಿನಿಮಾದಲ್ಲಾಗಿದ್ದರೆ ಇನ್‌ಸ್ಪೆಕ್ಟರ್ ಈಗ ಪಿಸ್ತೂಲು ತೆಗೆಯಬೇಕಿತ್ತು. ಇಲ್ಲಿ ಕರವಸ್ತ್ರ ತೆಗೆದ. ಅವನ ಹಿಂದೆ ನಿಂತಿದ್ದ ಸಾಕ್ಷಿ ಪೇದೆಗಳಲ್ಲಿ ಒಬ್ಬ ಟೋಪಿಯನ್ನು ಹಿಂಡುತ್ತ, "ರಫೂಗೆ ಕೊಟ್ಟು ಬಂದಿದ್ದು ನಾನೇ, ಮೇಡಂ," ಎಂದುಬಿಟ್ಟ.

ಮಧ್ಯಾಹ್ನವೇ ಅಳಿಯನ ಬಿಡುಗಡೆ. ಇನ್‌ಸ್ಪೆಕ್ಟರ ಮೇಲೆ ಸುಳ್ಳು ಕೇಸಿನ ತನಿಖೆಗೆ ಆದೇಶ. ಹೊರಗೆ ಸೇತುವೆ ಆಚೆಯ ಜನ ಅಕ್ಕನನ್ನು ಹೆಗಲ ಮೇಲೆ ಎತ್ತಲು ಮುಗಿಬಿದ್ದರೆ, "ಇಳಿಸ್ರೋ, ಸೊಂಟ ಮುರಿದ್ರೆ ಅದಕ್ಕೆ ಯಾವ ನೂಲು ತರ್ಲಿ?" ಎಂದು ಕೂಗುತ್ತಲೇ ಮೇಲೇರಿದಳು.

ಸೋಮವಾರ ಅಳಿಯ ಮತ್ತೆ ಬಸ್ಸು ಹತ್ತಿದ. ಅತ್ತೆ ಅವನ ಬೆನ್ನ ಹಿಂದಿನ ಸೀಟಿನಲ್ಲಿ, ಮಗುವಿನೊಡನೆ ನಾನು ಅವಳ ಪಕ್ಕ. ಪೊಲೀಸ್ ಸ್ಟೇಷನ್ ಎದುರು ಅವನು ಹಾರ್ನ್ ಒತ್ತಿ ಹಿಡಿದ.

"ಸಾಕು ಬಿಡಪ್ಪಾ, ಮಗು ಬೆಚ್ಚುತ್ತೆ," ಎಂದೆ ನಾನು.

"ನಿನ್ನ ಗಾಬರಿ ಇದ್ದದ್ದೇ, ಸುಮ್ನಿರಮ್ಮಾ," ಎಂದು ಅಕ್ಕ ಅಳಿಯನ ಹೆಗಲು ತಟ್ಟಿದಳು. "ಒತ್ತೋ, ಇನ್ನೂ ಜೋರಾಗಿ!"

ಹಿಂದಿನ ಸೀಟುಗಳಿಂದ ಜನ ಸಿಳ್ಳೆ ಹೊಡೆದರು. ಮಗು ಎದ್ದು ಗಂಟಲು ಹರಿಯುವಂತೆ ಅತ್ತಿತು. ಆ ಗದ್ದಲದಲ್ಲಿ ಅದರ ಅಳು ನನಗೇ ಸರಿಯಾಗಿ ಕೇಳಿಸಲಿಲ್ಲ.