ಜಗ್ಗುವ ಗಾಡಿ, ಹೊರುವ ಗಾಡಿ

ಬೇರೆಯವರ ಗಾಡಿಯ ಮೇಲೆ ಏನು ಹೇರಿದ್ದಾರೆ ಎಂದು ನೋಡುತ್ತ ನಿಲ್ಲುವ ಚಟ ನನಗಿದೆ. ಬನಹಟ್ಟಿಯಲ್ಲಿ ಸೀರೆಯ ಗಂಟುಗಳನ್ನು ತಲೆಗಿಂತ ಎತ್ತರಕ್ಕೆ ಪೇರಿಸಿಕೊಂಡು, ಅವುಗಳ ನಡುವೆ ತಾನೂ ಒಂದು ಗಂಟಾಗಿ ಕೂತು ಮೋಟರ್‌ಸೈಕಲ್ ಓಡಿಸುತ್ತಿದ್ದ ಒಬ್ಬನನ್ನು ನೋಡುತ್ತ ನಿಂತು ಜಮಖಂಡಿಯ ಬಸ್ಸು ತಪ್ಪಿಸಿಕೊಂಡವಳು ನಾನು. ಕಬ್ಬಿನ ಹಂಗಾಮಿನಲ್ಲಿ ಮುಧೋಳದ ದಾರಿಯಲ್ಲಂತೂ ನನಗೆ ಹಬ್ಬ. ಎರಡೆರಡು ಟ್ರೇಲರ್ ಕಟ್ಟಿಕೊಂಡು ಬರುವ ಟ್ರ್ಯಾಕ್ಟರು ಉಬ್ಬು ಬಂದಾಗ ಮುಂದಿನ ಗಾಲಿಗಳನ್ನು ನೆಲದಿಂದ ಇಷ್ಟೇ ಇಷ್ಟು ಎತ್ತುತ್ತದೆ. ಆಗ ಎದುರಿಗೆ ಬರುವವರಿಗೆಲ್ಲ ದೇವರ ನೆನಪಾಗುತ್ತದೆ, ಡ್ರೈವರನಿಗೆ ಮಾತ್ರ ಬಾಯಲ್ಲಿದ್ದ ಎಲೆಅಡಿಕೆಯ ನೆನಪು. ಹೀಗೆ ಭಾರದ ವಿಷಯದಲ್ಲಿ ನನಗಿರುವ ಭಕ್ತಿ ಪೂರ್ತಿ ದೂರದ್ದು. ಸಂತೆಯಿಂದ ಕಾಯಿಪಲ್ಲೆಯ ಚೀಲ ಮನೆಗೆ ತರುವಷ್ಟರಲ್ಲಿ ದಾರಿಯಲ್ಲಿ ನಾಲ್ಕಾರು ಕಡೆ ಇಳಿಸಿ, ಪರಿಚಯವಿಲ್ಲದವರ ಕಟ್ಟೆಯ ಮೇಲೂ ಕೂತು ಬರುವವಳು ನಾನು.

ಇಂಥವಳನ್ನು ನನ್ನ ಸೋದರಮಾವ ಪಿಕಪ್ ಗಾಡಿ ಆರಿಸಲು ಕರೆದರು. ಗಲಗಲಿಯ ಬೀರಪ್ಪ ಮಾಮಾ ಕುರಿ ಕಾಯುವ ಮನೆತನದವರು. ಈಗ ಕುರಿಗಳು ಕಡಿಮೆಯಾಗಿ ಹೊಳೆಯ ದಂಡೆಯಲ್ಲಿ ಕಬ್ಬು, ಗೋವಿನಜೋಳ ಹೆಚ್ಚಾಗಿವೆ. ಆದರೆ ಅವರ ಜೀವ ಇರುವುದು ತೆರಬಂಡಿಯಲ್ಲಿ. ತೆರಬಂಡಿ ಎಂದರೆ ಗಾಲಿಗಳು ತಿರುಗದಂತೆ ಬಿಗಿದು, ಮೇಲೆ ಭಾರ ಹೇರಿದ ಬಂಡಿ. ಅದನ್ನು ಎತ್ತಿನ ಜೋಡಿಯಿಂದ ಎಳೆಸುತ್ತಾರೆ. ಉರುಳದ ಗಾಲಿಯನ್ನು ಹೆಚ್ಚು ದೂರ ಎಳೆದ ಜೋಡಿಗೆ ಗುಲಾಲು, ಹಲಗೆಯ ಬಡಿತ, ಯಜಮಾನನ ತಲೆಗೆ ಸನ್ಮಾನದ ಪಟಗ. ಜಗತ್ತಿನಲ್ಲಿ ಉಳಿದವರೆಲ್ಲ ಗಾಲಿ ಕಂಡುಹಿಡಿದು ಸುಖಪಟ್ಟರೆ, ನಮ್ಮವರು ಆ ಗಾಲಿಯನ್ನೇ ಕಟ್ಟಿಹಾಕಿ ಆಮೇಲೆ ಎಳೆದು ತೋರಿಸುತ್ತಾರೆ. ನನಗೆ ಇದರಲ್ಲಿ ಬಹಳ ಹೆಮ್ಮೆಯಿದೆ.

ಮಾಮಾನ ಜೋಡಿಯಲ್ಲಿ ಬಲಗಡೆಯವನು ಹಣಮ್ಯಾ. ಬಿಳಿಯ ಕಿಲಾರಿ ಎತ್ತು, ಕೊಂಬು ತಿದ್ದಿ ಬರೆದ ಹಾಗಿದೆ. ಎರಡು ವರ್ಷದ ಹಿಂದೆ ಪಂದ್ಯಕ್ಕೆಂದು ಬಾಡಿಗೆಯ ಗಾಡಿಯಲ್ಲಿ ಅವನನ್ನು ಒಯ್ಯುವಾಗ, ತಿರುವಿನಲ್ಲಿ ಗಾಡಿ ಓಲಾಡಿ ಹಣಮ್ಯಾ ಮೊಣಕಾಲೂರಿ ಬಿದ್ದ. ಗಾಯ ಮಾಯಿತು. ಆದರೆ ಅಂದಿನಿಂದ ಅವನು ಯಾವ ಗಾಡಿಯನ್ನೂ ಏರಲಿಲ್ಲ. ಹತ್ತಿರ ಒಯ್ದರೆ ಸಾಕು, ಮೈ ನಡುಗುತ್ತಿತ್ತು. ಹತ್ತಿರದ ಊರಿನ ಪಂದ್ಯಗಳಿಗೆ ಮಾಮಾ ಅವನನ್ನು ನಡೆಸಿಕೊಂಡೇ ಒಯ್ದರು, ದೂರದವನ್ನು ಬಿಟ್ಟೇಬಿಟ್ಟರು. ಪಂದ್ಯ ಬಿಟ್ಟದ್ದಕ್ಕೆ ಅವರಿಗೆ ಅಷ್ಟು ನೋವಾಗಿರಲಿಲ್ಲ, ನೋವು ಬೇರೆಯದಿತ್ತು.

"ನಾ ಏರು ಅಂದೆ, ಅಂವ ಏರಿದ. ಆಮ್ಯಾಲೆ ಬಿದ್ದ. ಈಗ ನನ್ನ ಮಾತ್ ಕೇಳೂದ್ ಬಿಟ್ಟಾನ ಬೇ ಶಾಂತವ್ವಾ. ನನ್ನ ಮಾರಿ ನೋಡಿದ್ರ ಹಿಂದ ಸರೀತಾನ" ಎಂದು ನನ್ನ ಮುಂದೆ ಹೇಳಿಕೊಂಡರು. ಸ್ವಂತದ ಒಳ್ಳೆಯ ಗಾಡಿ ತರಬೇಕು, ಹಣಮ್ಯಾ ಅದನ್ನು ಏರಬೇಕು. ಏರದಿದ್ದರೆ ಗಾಡಿಯೂ ಬೇಡ, ಪಂದ್ಯವೂ ಬೇಡ ಎಂದು ನಿರ್ಧಾರ ಮಾಡಿದ್ದರು.

ನಾನು ಜಮಖಂಡಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಗಾಡಿಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಮುನ್ನೂರು ವರ್ಷ ಹಳೆಯದು. ಆದರೂ ಓದಿದ್ದು ಎಲ್ಲಾದರೂ ಉಪಯೋಗಕ್ಕೆ ಬರಲಿ ಎಂಬ ಆಸೆ ಯಾರಿಗಿಲ್ಲ? ಹಳೆಯ ದಂಡುಗಳು ದಖ್ಖನ್ನಿನಲ್ಲಿ ಸಾಗುವಾಗ ಅವುಗಳ ಜೊತೆ ಎರಡು ಬಗೆಯ ಎತ್ತುಗಳು ನಡೆಯುತ್ತಿದ್ದವು. ಒಂದು ಬಗೆಯವು ತೋಪು ಎಳೆಯುವವು. ವಿಜಯಪುರದ ಬುರುಜಿನ ಮೇಲೆ ಕೂತಿರುವ ಆ ದೈತ್ಯ ತೋಪನ್ನು ನೋಡಿದವರಿಗೆ ಅವುಗಳ ಕಷ್ಟ ತಿಳಿಯುತ್ತದೆ. ಇನ್ನೊಂದು ಬಗೆಯವು ಲಂಬಾಣಿಗರ ಹೇರೆತ್ತುಗಳು. ಬೆನ್ನಿನ ಮೇಲೆ ಉಪ್ಪು, ದವಸ ಹೊತ್ತು ಸಾಲುಗಟ್ಟಿ ನಡೆಯುವವು. ತೋಪು ಎಳೆಯುವ ಎತ್ತಿನ ಬೆನ್ನಿಗೆ ಯಾರೂ ತೋಪು ಕಟ್ಟಲಿಲ್ಲ. ಎಳೆಯುವ ಕಸುವು ಬೇರೆ, ಹೊರುವ ಕಸುವು ಬೇರೆ ಎಂದು ಆ ಕಾಲದ ದಂಡಾಳುಗಳಿಗೆ ಗೊತ್ತಿತ್ತು. ನಮ್ಮ ಮುಧೋಳದ ನಾಯಿ ಇವೆರಡನ್ನೂ ಮಾಡದೆ ಬರೀ ಓಡಿಯೇ ಹೆಸರು ಗಳಿಸಿತು, ತಿಮ್ಮಾಪುರದಲ್ಲಿ ಅದಕ್ಕಾಗಿ ಸಂಶೋಧನಾ ಕೇಂದ್ರವೂ ಇದೆ. ಅದು ಬೇರೆ ವಿಷಯ.

ಗಾಡಿಗಳಲ್ಲೂ ಇದೇ ಭೇದವಿದೆ ಎಂಬುದು ಶೋರೂಮಿನಿಂದ ತಂದ ಪುಸ್ತಿಕೆಯನ್ನು ಓದಿದ ಮೇಲೆ ನನಗೆ ತಿಳಿಯಿತು. ಗಾಡಿಯ ಸ್ವಂತ ತೂಕ ಒಂದು, ಹೇರಿದ ಮೇಲೆ ಎಲ್ಲ ಸೇರಿ ಇರಬಹುದಾದ ತೂಕ ಇನ್ನೊಂದು. ದೊಡ್ಡದರಲ್ಲಿ ಸಣ್ಣದು ಕಳೆದರೆ ಉಳಿಯುವುದು ಹೊರುವ ಲೆಕ್ಕ. ಈ ಲೆಕ್ಕದಲ್ಲಿ ಎತ್ತುಗಳಷ್ಟೇ ಅಲ್ಲ, ಮೇವು, ನೀರಿನ ಡ್ರಮ್ಮು, ಎತ್ತು ಬೀಳದಿರಲೆಂದು ಸುತ್ತ ಹಾಕಿಸುವ ಕಬ್ಬಿಣದ ಕಟಕಟೆ, ಸ್ಟೇರಿಂಗ್ ಹಿಡಿದವನು, ಪಕ್ಕದಲ್ಲಿ ಕೂತು ದಾರಿ ಹೇಳುವವನು ಎಲ್ಲರೂ ಸೇರುತ್ತಾರೆ. ಎಳೆಯುವ ಲೆಕ್ಕವೇ ಬೇರೆ. ಅಲ್ಲಿ ಭಾರವನ್ನು ಹಿಂದಿನ ಟ್ರೇಲರಿನ ಗಾಲಿಗಳು ಹೊರುತ್ತವೆ, ಗಾಡಿ ಜಗ್ಗುತ್ತದೆ. ಆದರೆ ಟ್ರೇಲರಿನ ಮೂಗು ಗಾಡಿಯ ಬೆನ್ನ ಮೇಲೆ ಒಂದಿಷ್ಟು ಒರಗಿಯೇ ಇರುತ್ತದೆ. ಅಷ್ಟನ್ನು ಹೊರುವ ಲೆಕ್ಕದಿಂದ ಕಳೆಯಬೇಕು. ಇನ್ನು ಇಳಿಜಾರಿನಲ್ಲಿ ಹಿಂದಿನದು ಮುಂದಿನದನ್ನು ನೂಕುತ್ತದೆ, ಆಗ ಜಗ್ಗುವ ಶಕ್ತಿಗಿಂತ ನಿಲ್ಲುವ ಶಕ್ತಿ ಮುಖ್ಯ. ಇಷ್ಟನ್ನು ಬರೆದವನು ಯಾರೋ ಏನೋ, ನನಗೆ ಅವನ ಮೇಲೆ ಗೌರವ ಹುಟ್ಟಿತು. ಬಾಳುವೆ ಮಾಡಿದವನೇ ಇರಬೇಕು.

ಮುಧೋಳದಿಂದ ಮಾರಾಟದವರು ಗಾಡಿಯನ್ನು ಗಲಗಲಿಗೇ ತಂದು ತೋರಿಸಿದರು. ಮೊದಲು ತಂದದ್ದು ಮುಂದೆ ಎರಡು ಸಾಲು ಸೀಟಿರುವ, ಥಳಥಳ ಹೊಳೆಯುವ, ಬಲವಾದ ಎಂಜಿನ್ನಿನ ಪಿಕಪ್. ಮಾರಲು ಬಂದವರು ಗಾಳಿ ತಂಪು ಮಾಡುವ ಗುಂಡಿಯಿಂದ ಶುರುಮಾಡಿದರು. ಮಾಮಾ ಅವರ ಮಾತನ್ನು ಅಲ್ಲಿಗೇ ತಡೆದು ಕೇಳಿದರು: "ಅದೆಲ್ಲಾ ಇರ್ಲಿ. ಎಷ್ಟ್ ಜಗ್ಗತೈತ್ರೀ?"

"ಕಾಕಾರ, ಇದರಷ್ಟ ಜಗ್ಗೂದು ನಮ್ಮಲ್ಲೆ ಮತ್ತೊಂದಿಲ್ರಿ" ಎಂದರು ಅವರು. ಮಾರುವವರು ಹೇಳಬಾರದ ಮಾತು ಅದು, ತೆರಬಂಡಿಯ ಊರಿನಲ್ಲಿ. ಮಾಮಾ ಎದ್ದು ಹೋಗಿ ತಾಲೀಮಿನ ತೆರಬಂಡಿಯನ್ನು ತರಿಸಿದರು. ಗಾಲಿ ಬಿಗಿದರು, ಮರಳಿನ ಚೀಲ ಹೇರಿಸಿದರು, ಹಗ್ಗವನ್ನು ಪಿಕಪ್ಪಿನ ಹಿಂದಿನ ಕೊಂಡಿಗೆ ಕಟ್ಟಿಸಿದರು. ಜಗತ್ತಿನಲ್ಲಿ ಇನ್ನೆಲ್ಲಾದರೂ ಗಾಡಿಯನ್ನು ಹೀಗೆ ಪರೀಕ್ಷೆ ಮಾಡುತ್ತಾರೆಯೋ ನನಗೆ ಗೊತ್ತಿಲ್ಲ. ಮಾರಾಟದವರ ಮುಖ ಬಿಳಿಚಿತ್ತು. ಊರು ನೆರೆಯಿತು.

ಎಂಜಿನ್ನು ಗರ್ಜಿಸಿತು. ಹಿಂದಿನ ಗಾಲಿಗಳು ನಿಂತಲ್ಲೇ ಗಿರಗಿರ ತಿರುಗಿ ನಮ್ಮ ಮೇಲೆಲ್ಲ ಎರೆಮಣ್ಣು ಎರಚಿದವು. ತೆರಬಂಡಿ ಕದಲಲಿಲ್ಲ. ಜನ ನಕ್ಕರು. ಆಗ ಯಾರೋ, "ಹಿಂದ ಹಗರ ಆಗೇತಿ, ಏರ್ರೆಪಾ" ಎಂದರು. ಹಗುರವಾದ ಹಿಂಭಾಗಕ್ಕೆ ಭಾರ ಬೇಕಿತ್ತು. ನಗುತ್ತಿದ್ದವರೇ ಹತ್ತಾರು ಜನ ಏರಿ ಕುಳಿತರು. ಗಾಲಿಗಳಿಗೆ ನೆಲ ಸಿಕ್ಕಿತು. ಗಾಡಿ ಮುಲುಗಿ, ಆಮೇಲೆ ತೆರಬಂಡಿಯನ್ನು ಎಳೆದುಕೊಂಡು ಹೊರಟಿತು. ಶಿಳ್ಳೆ, ಕೇಕೆ! ನನಗೂ ರೋಮಾಂಚನವಾಯಿತು, ಸುಳ್ಳು ಹೇಳಲಾರೆ. ಜಗ್ಗಬೇಕಾದರೆ ಗಾಡಿಯಾದರೂ ಒಂದಿಷ್ಟು ಹೊತ್ತಿರಬೇಕು ಎಂಬ ಮಾತು ಪುಸ್ತಿಕೆಯಲ್ಲಿ ನನಗೆ ಕಂಡಿರಲಿಲ್ಲ.

"ಇದ ಗಾಡಿ ತಗೊಳ್ಳೂದು ಗಟ್ಟಿ ಆತು" ಎಂದರು ಮಾಮಾ, ಮೀಸೆಯ ಮೇಲಿನ ಮಣ್ಣು ಒರೆಸಿಕೊಳ್ಳುತ್ತ. ನಾನು ಪುಸ್ತಿಕೆ ತೆರೆದು, ಇದಕ್ಕೆ ಸ್ವಂತ ತೂಕವೇ ಹೆಚ್ಚು, ಹೊರುವುದಕ್ಕೆ ಉಳಿಯುವುದು ಕಡಿಮೆ ಎಂದು ಹೇಳಹೊರಟೆ. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದು ನೀಲವ್ವ ಅತ್ತಿಯ ಮಾತು. ಅಷ್ಟು ಹೊತ್ತು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದ ಅವರು ಗಂಡನನ್ನು ಕೇಳಿದರು: "ಅಲ್ರೀ, ಹಣಮ್ಯಾನ ಹಿಂದ ಕಟ್ಟಿ ಜಗ್ಗಸ್ಕೊಂಡ್ ಹೊಂಟೀರೇನು? ಮ್ಯಾಲ ನಿಂದರಿಸ್ಕೊಂಡ್ ಹೋಗೂದಲ್ಲಾ? ಅಂವಗ ಕೇಳ್ರಿ ಮೊದಲ."

ಮಾಮಾ ತಾವೇ ಹೋಗಿ ಹಣಮ್ಯಾನನ್ನು ತಂದರು. ಗಾಡಿಯನ್ನು ಹೊಲದ ಒಡ್ಡಿಗೆ ಹಿಂದುಹಿಂದಾಗಿ ತಂದು ನಿಲ್ಲಿಸಿದರು, ಎತ್ತು ಒಡ್ಡಿನ ಮೇಲಿನಿಂದ ನೇರ ಗಾಡಿಯ ಬಾಡಿಯೊಳಗೆ ಕಾಲಿಡುವ ಹಾಗೆ. ಇಬ್ಬರು ಹಗ್ಗ ಹಿಡಿದು ಜಗ್ಗಿದರು. ಬಹಳ ಹೊತ್ತಿನ ಮೇಲೆ ಹಣಮ್ಯಾ ಒಂದು ಕಾಲು ಇಟ್ಟ. ಕೂತವರ ಸುಖಕ್ಕೆಂದು ಮೆತ್ತಗೆ ಮಾಡಿದ ಆ ಗಾಡಿ ಹಿಂದೆ ಕುಸಿದು ಓಲಾಡಿತು. ಹಣಮ್ಯಾ ಕಾಲು ಹಿಂದಕ್ಕೆ ಸೆಳೆದುಕೊಂಡ. ಮೈ ತುಂಬ ನಡುಕ. ಮಾಮಾ ಅವನ ಮುಖ ನೋಡಲಾರದೆ ಹೊಳೆಯ ಕಡೆ ತಿರುಗಿ ನಿಂತರು. ಊರು ನಗುವುದನ್ನು ಮರೆತಿತ್ತು.

ಒಂದು ವಾರ ಬಿಟ್ಟು ಮಾರಾಟದವರು ಬೇರೊಂದು ಗಾಡಿ ತಂದರು. ಮಾಮಾನಿಗೆ ಮನಸ್ಸಿರಲಿಲ್ಲ, ಅತ್ತಿಯೇ ಫೋನ್ ಮಾಡಿಸಿದ್ದರು. ಇದಕ್ಕೆ ಒಂದೇ ಸಾಲು ಸೀಟು, ಹಿಂದೆ ಉದ್ದ ಬಾಡಿ. ಎಂಜಿನ್ನಿನ ಬಲ ಮೊದಲಿನದಕ್ಕಿಂತ ಕಡಿಮೆ. ಹೊಳಪೂ ಇಲ್ಲ, ಖಾಲಿ ಇದ್ದಾಗ ಸವಾರಿ ಮಾಡಿದರೆ ಬೆನ್ನಿನ ಎಲುಬುಗಳ ಪರಿಚಯವಾಗುತ್ತದೆ. ಆದರೆ ಹಿಂದಿನ ಗಾಲಿಗಳ ಮೇಲೆ ಒಂದರ ಕೆಳಗೊಂದು ಜೋಡಿಸಿದ ಕಬ್ಬಿಣದ ಕಮಾನು ಪಟ್ಟಿಗಳು ದಪ್ಪಗಿದ್ದವು. ಜೋಡಿ ಎತ್ತು, ಮೇವು, ನೀರು, ಕಟಕಟೆ, ಮಾಮಾ, ಅತ್ತಿ ಎಲ್ಲ ಕೂಡಿಸಿದರೂ ಇದರ ಹೊರುವ ಲೆಕ್ಕದಲ್ಲಿ ಇನ್ನೂ ಜಾಗ ಉಳಿಯುತ್ತಿತ್ತು. ಹೇರುವುದು ಅಲುಗದ ಚೀಲವಲ್ಲ, ಮೈ ಹೊರಳಿಸುವ ಜೀವ, ಅದಕ್ಕೆ ಒಂದಿಷ್ಟು ಜಾಗ ಉಳಿದಿರಲೇಬೇಕು. ನನಗೆ ಆ ಮಂಕು ಗಾಡಿಯ ಮೇಲೆ ಪ್ರೀತಿ ಬಂತು. ಎಷ್ಟು ಹೊರಬಲ್ಲೆನೋ ಅಷ್ಟನ್ನೇ ಹೇಳಿ, ಹೇಳಿದ್ದನ್ನು ಹೊರುವ ಜನರ ಮೇಲೆ ಬರುತ್ತದಲ್ಲ, ಅಂಥ ಪ್ರೀತಿ.

ಗಾಡಿ ಒಡ್ಡಿಗೆ ಬಂದು ನಿಂತಿತು. ಹಗ್ಗ ಹಿಡಿಯಲು ನಾಲ್ಕು ಜನ ಮುಂದೆ ಬಂದರು. ಮಾಮಾ ಅವರನ್ನು ದೂರ ಸರಿಸಿದರು.

"ಯಾರೂ ಜಗ್ಗಬ್ಯಾಡ್ರಿ" ಎಂದರು.

ಮೂಗುದಾರದ ಹಗ್ಗವನ್ನು ಬಿಚ್ಚಿ ಎತ್ತಿನ ಕೊರಳ ಮೇಲೆ ಹಾಕಿದರು. ತಾವೇ ಗಾಡಿ ಏರಿ, ಬಾಡಿಯ ತುದಿಯ ತನಕ ನಡೆದು, ಒಂದೆರಡು ಸಲ ಕುಪ್ಪಳಿಸಿ ನೋಡಿದರು. ಆಮೇಲೆ ಅಲ್ಲೇ, ಎತ್ತಿಗೆ ಬೆನ್ನು ಮಾಡಿ, ಕಾಲು ಚಾಚಿ ಕೂತುಬಿಟ್ಟರು. ಜೀವಮಾನವಿಡೀ ಎಲ್ಲವನ್ನೂ ಎಳೆದೇ ಅಳೆದ ಮನುಷ್ಯ ಕೈ ಕಟ್ಟಿ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಹಣಮ್ಯಾ ಮೂಸಿದ. ಒಂದು ಕಾಲಿಟ್ಟ. ಗಾಡಿ ಅಲುಗಲಿಲ್ಲ. ಕಾಲು ತೆಗೆದ. ಮತ್ತೆ ಇಟ್ಟು ಭಾರ ಬಿಟ್ಟು ನೋಡಿದ. ಕಮಾನು ಪಟ್ಟಿ ಒಮ್ಮೆ ಕಿರುಗುಟ್ಟಿ ತಡೆದುಕೊಂಡಿತು. ಎರಡನೆಯ ಕಾಲು ಇಟ್ಟ. ನಾನು ಅತ್ತಿಯ ಕೈ ಹಿಡಿದದ್ದು ಯಾವಾಗ ಎಂದು ಗೊತ್ತಿಲ್ಲ. ಹಿಂದಿನ ಕಾಲುಗಳೂ ದಡಬಡ ಏರಿದವು. ಹಣಮ್ಯಾ ನಡೆದು ಹೋಗಿ ಮಾಮಾನ ಹೆಗಲ ಮೇಲೆ ಮುಖ ಇಟ್ಟು ಉಸಿರು ಬಿಟ್ಟ.

ಮಾಮಾ ಅತ್ತರು. ಮುಚ್ಚಿಕೊಳ್ಳಲೂ ಇಲ್ಲ.

ಮಾರಾಟದವರು ಸ್ವಲ್ಪ ಹೊತ್ತು ಕಾದು, ಮೆಲ್ಲಗೆ, "ಕಾಕಾರ, ಬುಕ್ ಮಾಡೂನ್ರಿ?" ಎಂದರು. ಮಾಮಾ ಎತ್ತಿನ ಮುಖ ಸವರುತ್ತಲೇ ಇದ್ದರು. ಅತ್ತಿಯೇ ಹೇಳಿದರು: "ಒಪ್ಪಬೇಕಾದಾಂವ ಒಪ್ಪ್ಯಾನ. ನಮ್ಮನ್ನೇನ್ ಕೇಳ್ತೀರಿ?"

ಒಂದೇ ತೊಡಕು. ಅದು ತೋರಿಸಲು ತಂದ ಗಾಡಿ, ಅದನ್ನು ಅವರು ಮುಧೋಳಕ್ಕೆ ವಾಪಸು ಒಯ್ಯಬೇಕಿತ್ತು. ಹಣಮ್ಯಾ ಇಳಿಯಲೊಲ್ಲ. ಮೇವು ತೋರಿಸಿದರು, ಬರಲಿಲ್ಲ. ಇಳಿಸೋಣವೇ ಎಂದು ಯಾರೋ ಹಗ್ಗಕ್ಕೆ ಕೈ ಹಾಕಿದರು. ಕಣ್ಣೊರೆಸಿಕೊಳ್ಳುತ್ತ ಮಾಮಾ ಗದರಿದರು: "ಬಿಡ್ಲೇ! ಎರಡ್ ವರ್ಷದ ಮ್ಯಾಲ ಏರ್ಯಾನ. ಅವಗ ತಿಳದಾಗ ಇಳೀತಾನ." ಅತ್ತಿ ಒಲೆಯ ಮೇಲೆ ಚಹಾಕ್ಕೆ ಇಟ್ಟರು. ಮಾರಾಟದವರು ಶೋರೂಮಿಗೆ ಫೋನ್ ಹಚ್ಚಿ, ಗಾಡಿ ಬರುವುದು ತಡವಾಗುತ್ತದೆ, ಗಿರಾಕಿ ಇನ್ನೂ ಗಾಡಿಯಲ್ಲೇ ನಿಂತಿದ್ದಾರೆ ಎಂದು ಬಹಳ ಮರ್ಯಾದೆಯಿಂದ ಹೇಳಿದರು.